ಧೂಳೆಬ್ಬಿಸದ ಸವಾರಿ

ನನ್ನ ನಾದಿನಿ ಅರ್ಡಿತ್‌ಗೆ ಎದೆಯ ಆಪರೇಷನ್ ಆಗಿ ವರ್ಷ ತುಂಬುತ್ತಾ ಬಂದಿತ್ತು. ಕ್ಯಾನ್ಸರ್ ಎಂದು ಎರಡೂ ಕಡೆ ತೆಗೆದಿದ್ದರು. ಜೀವ ಉಳಿಯಿತು, ಅದೇ ದೊಡ್ಡದು. ಆದರೆ ಅಂದಿನಿಂದ ಅವಳ ಎದೆಯನ್ನು ಅವಳ ಹೊರತು ಯಾರೂ ನೋಡಿರಲಿಲ್ಲ. ಪಟ್ಟಿ ಬದಲಿಸಲು ಮನೆಗೆ ಬಂದ ನರ್ಸನ್ನು ಬಾಗಿಲಿಂದಲೇ ವಾಪಸ್ ಕಳಿಸಿ, ಕನ್ನಡಿ ಮುಂದೆ ನಿಂತು ತಾನೇ ಕಟ್ಟಿಕೊಂಡ ಹೆಂಗಸು ಅವಳು. ನಾನು ಬಚ್ಚಲ ಬಾಗಿಲು ತಟ್ಟಿದರೆ ಒಳಗಿಂದ ಬೈಗುಳ ಬರುತ್ತಿತ್ತು.

ಕೈ ಆಡಿಸುತ್ತಿರಬೇಕು ಎಂದು ಡಾಕ್ಟರು ಹೇಳಿದ್ದಕ್ಕೆ ದಪ್ಪ ಟೈರಿನ ಸೈಕಲ್ ಕೊಂಡಳು. ನನ್ನ ಜೀವ ತಿಂದು ನನಗೂ ಒಂದು ಕೊಡಿಸಿದಳು. ಕಾನ್ಸಸ್‌ನ ನಮ್ಮ ಗುಡ್ಡಗಳಲ್ಲಿ ಜಲ್ಲಿ ರಸ್ತೆಗೆ ಬರವಿಲ್ಲ. ಎಲ್ಲೆಲ್ಲಿಂದಲೋ ಜನ ಬಂದು ಸೈಕಲ್ ತುಳಿದು, ಒಂದು ಗಾಡಿಯಿಲ್ಲ, ಎಂಥಾ ನೆಮ್ಮದಿ ಎಂದು ಹೊಗಳಿ ಹೋಗುತ್ತಾರೆ. ಅರ್ಡಿತ್‌ಗೂ ಗಾಡಿ ಬೇಡವಾಗಿತ್ತು, ಕಾರಣ ಮಾತ್ರ ಬೇರೆ. ನಮ್ಮಲ್ಲಿ ಎದುರಿಗೆ ಬಂದ ಪಿಕಪ್‌ನವನು ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದರೆ ನಮಸ್ಕಾರ ಮುಗಿಯಿತು. ಅವಳನ್ನು ಕಂಡರೆ ಮಾತ್ರ ಗಾಡಿ ನಿಲ್ಲಿಸಿ, ಗಾಜು ಇಳಿಸಿ, "ಈಗ ಹೇಗಿದ್ದೀಯಮ್ಮ?" ಎಂದು ಕೇಳುತ್ತಾ ಕಣ್ಣನ್ನು ಅವಳ ಕತ್ತಿನ ಕೆಳಗೆ ಇಳಿಸುತ್ತಿದ್ದರು. ಒಳ್ಳೆಯ ಜನವೇ. ಆದರೂ ಕೆಲವರ ಕಪಾಳಕ್ಕೆ ಬಾರಿಸೋಣ ಅನ್ನಿಸುತ್ತಿತ್ತು ನನಗೆ.

ಆ ಏಪ್ರಿಲ್ ಬೆಳಿಗ್ಗೆ ನಾವು ಚರ್ಚ್ ರಸ್ತೆಯಲ್ಲಿ ಹೋಗುತ್ತೇವೆಂದು ನನ್ನ ಗಂಡ ವರ್ಲಿನ್‌ಗೆ ಹೇಳಿ ಹೊರಟಿದ್ದೆವು. ಅರ್ಡಿತ್ ಅವನ ಒಬ್ಬಳೇ ತಂಗಿ. ಕವಲು ಸಿಕ್ಕಾಗ ಅವಳು ಬ್ರೇಕ್ ಹಿಡಿದಳು.

"ಕ್ರಾಟ್ಸರ್‌ನ ಹುಲ್ಲುಗಾವಲಿನ ದಾರೀಲಿ ಹೋಗೋಣ ಕಣೇ. ಅಲ್ಲಿ ನರಪಿಳ್ಳೆ ಇರಲ್ಲ."

"ಅದು ದಾರೀನಾ? ದನ ಓಡಾಡೋ ಜಾಡು. ಚೂರಿ ಥರ ಕಲ್ಲು."

"ನಿಂಗೆ ಅರವತ್ತಾಯ್ತು ಅಂತ ಒಪ್ಕೋ, ಚರ್ಚ್ ರಸ್ತೇಲೇ ಹೋಗೋಣ."

ಐವತ್ತೆಂಟು ನನಗೆ. ಗಾವಲಿನ ಕಡೆಗೇ ತಿರುಗಿಸಿದೆ.

ಎರಡು ಗಾಲಿಗಳ ಜಾಡು, ನಡುವೆ ಹುಲ್ಲು, ಎರಡೂ ಬದಿಗೆ ಸೊಂಟದೆತ್ತರದ ಒಣ ಹುಲ್ಲು. ದಕ್ಷಿಣದ ಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ಅರ್ಡಿತ್ ಹೊಸ ಮಿರಿಮಿರಿ ಕಿತ್ತಳೆ ಅಂಗಿ ತೊಟ್ಟಿದ್ದಳು, ಸೈಕಲ್‌ನವರಿಗೆಂದೇ ಮಾರುವ, ತಲೆಯ ಮೇಲಿಂದ ತೊಡುವ ಪ್ಲಾಸ್ಟಿಕ್ ನೂಲಿನದು. ಕೆಳಗೆ ಇಬ್ಬರದೂ ಹಳೆ ಜೀನ್ಸ್. ಈ ಊರಲ್ಲಿ ಬಿಗಿ ಚಡ್ಡಿ ಹಾಕುವುದಕ್ಕಿಂತ ಸಾಯುವುದು ಮೇಲು ಎನ್ನುತ್ತಿದ್ದಳು ಅವಳು. ನನ್ನ ಮೈಮೇಲೆ ಉಣ್ಣೆಯ ಒಳಂಗಿ, ಅದರ ಮೇಲೆ ವರ್ಲಿನ್‌ನ ಹತ್ತಿ ಶರ್ಟು.

ಹಿಂದೆ, ಉತ್ತರದ ಅಂಚಿನಲ್ಲಿ ಹೊಗೆ ಎದ್ದಿತು. ಹೊರಗಿನವರಾಗಿದ್ದರೆ ಹೆದರಿ ಅಲ್ಲಿಂದ ಕಾಲು ಕೀಳುತ್ತಿದ್ದರು. ನಾವು ಇಲ್ಲಿಯವರು. ಏಪ್ರಿಲ್‌ನಲ್ಲಿ ಹೊಸ ಹುಲ್ಲು ಬರಲೆಂದು ಎಲ್ಲರೂ ಗಾವಲು ಸುಡುತ್ತಾರೆ, ಒಗೆದ ಬಟ್ಟೆಯಲ್ಲೂ ಹೊಗೆಯ ವಾಸನೆಯೇ. "ಯಾರೋ ಸುಡ್ತಿದಾರೆ" ಎಂದಳು ಅರ್ಡಿತ್. "ಹೂಂ" ಎಂದು ತುಳಿದೆ. ಅದು ಯಾರದು, ಎಲ್ಲಿ ಎಂದು ತಿರುಗಿ ಕೂಡ ನೋಡಲಿಲ್ಲ.

ದಿಬ್ಬದ ನೆತ್ತಿ ಹತ್ತಿ ಬ್ರೇಕ್ ಹಿಡಿದೆ. ಮುಂದೆ, ಗಾವಲಿನ ಈ ತುದಿಯಿಂದ ಆ ತುದಿಗೆ ಬೆಂಕಿಯ ಸಾಲು. ಗಾಳಿ ಅದನ್ನು ನಮ್ಮ ಕಡೆಗೇ ಅಟ್ಟಿಸಿಕೊಂಡು ಬರುತ್ತಿತ್ತು. ಸುಡುವವರು ಮೊದಲು ಗಾಳಿ ಹೋಗುವ ಕಡೆಯ ಅಂಚನ್ನೂ ಪಕ್ಕದ ಅಂಚುಗಳನ್ನೂ ಸುಟ್ಟುಕೊಂಡು, ಕೊನೆಗೆ ಗಾಳಿ ಬರುವ ಕಡೆ ಹಚ್ಚುತ್ತಾರೆ. ನಾವು ಆ ಉಂಗುರದ ಒಳಗಿದ್ದೆವು. ಹಚ್ಚುವ ಮುಂಚೆ ದಾರಿಯಲ್ಲಿ ಧೂಳು ಎದ್ದಿದೆಯೇ ಎಂದು ನೋಡುವುದು ರೂಢಿ. ಧೂಳಿಲ್ಲವೆಂದರೆ ಗಾಡಿಯಿಲ್ಲ, ಗಾಡಿಯಿಲ್ಲವೆಂದರೆ ಜನರಿಲ್ಲ. ಸೈಕಲ್ ಎಲ್ಲಿ ಧೂಳೆಬ್ಬಿಸುತ್ತದೆ?

"ತಿರುಗಿಸೇ!" ಎಂದು ಕೂಗಿದೆ.

ಇಳಿಜಾರು, ಬೆನ್ನಿಗೆ ಗಾಳಿ. ಉತ್ತರದ ಸುಟ್ಟ ನೆಲ ಸೇರಿಬಿಟ್ಟರೆ ಬಚಾವು. ಸೈಕಲ್ಲುಗಳು ಕಲ್ಲಿಂದ ಕಲ್ಲಿಗೆ ಎಗರುತ್ತಿದ್ದವು, ಹ್ಯಾಂಡಲ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಿನಿಂದ ಬರುತ್ತಿದ್ದ ಚಟಚಟ ಸದ್ದು ದೊಡ್ಡದಾಗುತ್ತಲೇ ಇತ್ತು. ಮೊಲವೊಂದು ನಮ್ಮನ್ನು ದಾಟಿ ಓಡಿತು. ಆಗಲೇ ಅರ್ಡಿತ್‌ಳ ಟೈರು ಢಬ್ ಎಂದಿತು. ಕಲ್ಲು ಉದ್ದಕ್ಕೆ ಸೀಳಿಹಾಕಿತ್ತು. ಅವಳು ಮೊಣಕೈ ತರಚಿಕೊಂಡು ಬಿದ್ದಳು.

"ನೀನು ಹೋಗು! ನಾನು ಓಡಿ ಬರ್ತೀನಿ."

"ಓಡ್ತಾಳಂತೆ! ಮುಚ್ಚು ಬಾಯಿ."

ಓಡಿ ಗೆಲ್ಲುವ ಬೆಂಕಿಯಲ್ಲ ಅದು. ಎದುರಿಸಿ ನುಗ್ಗಬೇಕು, ಹುಲ್ಲು ಕಡಿಮೆ ಇರುವಲ್ಲಿ. ಒಮ್ಮೆ ನುಗ್ಗಿದರೆ ಆಚೆ ಸುಟ್ಟ ನೆಲ, ಅದನ್ನು ಬೆಂಕಿ ಮತ್ತೆ ಮುಟ್ಟುವುದಿಲ್ಲ. ಸುತ್ತ ನೋಡಿದೆ. ಎಡಕ್ಕೆ ದನಗಳ ಉಪ್ಪಿನ ತೊಟ್ಟಿ. ದನ ಉಪ್ಪು ನೆಕ್ಕಲು ಬಂದು ನಿಂತು ನಿಂತು, ಅದರ ಸುತ್ತಲ ಹುಲ್ಲನ್ನು ಬುಡದವರೆಗೆ ಮೇಯ್ದಿರುತ್ತವೆ. ಅಲ್ಲಿ ಬೆಂಕಿ ಬಂದರೂ ಮೊಣಕಾಲುದ್ದಕ್ಕಿಂತ ಏಳದು. ಸೈಕಲ್ ಬಿಸಾಡಿ, ನೀರಿನ ಬಾಟಲಿ ಕಿತ್ತುಕೊಂಡು, ಅವಳ ರಟ್ಟೆ ಹಿಡಿದು ಎಳೆದೊಯ್ದೆ.

ತೊಟ್ಟಿಯ ಪಕ್ಕ ನಿಂತು ನನ್ನ ಶರ್ಟು ಬಿಚ್ಚಿ ಅವಳ ಮುಂದೆ ಹಿಡಿದೆ. "ಆ ಅಂಗಿ ತೆಗಿ, ಇದು ಹಾಕ್ಕೋ."

ಅವಳು ಎರಡೂ ಕೈಯಿಂದ ಕಿತ್ತಳೆ ಅಂಗಿಯನ್ನು ಕತ್ತಿನ ಹತ್ತಿರ ಹಿಡಿದುಕೊಂಡಳು. "ಇದರ ಮೇಲೇ ಹಾಕ್ಕೋತೀನಿ."

"ಅದು ಕರಗುತ್ತೆ ಅರ್ಡಿತ್! ಮೈಗೆ ಅಂಟ್ಕೊಳ್ಳುತ್ತೆ, ಚರ್ಮದ ಸಮೇತ ಬರುತ್ತೆ. ನಿಂಗೊತ್ತಿಲ್ವಾ?"

"ಗೊತ್ತು."

"ಮತ್ತೆ?"

"ಆ ಕಡೆ ತಿರುಗು."

ಹೊಗೆ ಬಂದು ಮುಚ್ಚಿತು. ಕಣ್ಣಲ್ಲಿ ನೀರು, ಗಂಟಲಲ್ಲಿ ಕೆಂಡ. ನಾನು ತಿರುಗಿದೆ. ಹಿಂದೆ ಏನೂ ಅಲುಗುವ ಸದ್ದಿಲ್ಲ. ತಿರುಗಿ ನೋಡಿದರೆ, ಅವಳ ಬಲಗೈ ಮೇಲಕ್ಕೇ ಏಳುತ್ತಿಲ್ಲ. ಆಪರೇಷನ್ ಆದ ಮೇಲೆ ಆ ಕೈ ಭುಜಕ್ಕಿಂತ ಮೇಲೆ ಹೋಗುತ್ತಿರಲಿಲ್ಲವಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಪ್ರತಿದಿನ ಹೇಗೆ ಬಟ್ಟೆ ತೊಡುತ್ತಿದ್ದಳೋ, ಒಬ್ಬಳೇ, ಬಾಗಿಲು ಹಾಕಿಕೊಂಡು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಕ್ಷಮಿಸು" ಎಂದು ಅಂಗಿಯ ಕೊರಳಿಗೆ ಎರಡೂ ಕೈ ಹಾಕಿ ಅಲ್ಲಿನ ಗಿಡ್ಡ ಜಿಪ್ಪು ಕಿತ್ತು ಬರುವ ಹಾಗೆ ಹರಿದೆ. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಮಗುವಿಗೆ ತೊಡಿಸುವ ಹಾಗೆ ಒಂದೊಂದೇ ಕೈ ತೂರಿಸಿ ಶರ್ಟು ತೊಡಿಸಿ, ಗುಂಡಿ ಹಾಕಿ, ಇಬ್ಬರ ತಲೆಗೂ ನೀರು ಸುರಿದೆ. ಒದ್ದೆ ಕರ್ಚೀಫು ಮೂಗಿಗೆ ಒತ್ತಿದೆ.

"ಉಸಿರು ಬಿಗಿಹಿಡಿ. ನಿಲ್ಲಬೇಡ. ಏನಾದ್ರೂ ಆಗ್ಲಿ, ನಿಲ್ಲಬೇಡ."

"ನನ್ನ ಕೈ ಬಿಡಬೇಡ ಕಣೇ" ಎಂದಳು.

ಎತ್ತರದ ಹುಲ್ಲು ಗೋಡೆಯಂತೆ ಉರಿಯಿತು. ಮೇಯ್ದ ನೆಲಕ್ಕೆ ಬಂದಾಗ ಬೆಂಕಿ ಕುಗ್ಗಿತು. ನುಗ್ಗಿದೆವು. ಮುಖಕ್ಕೆ ಒಲೆಯ ಬಾಯಿ ತೆರೆದಂತಾಯಿತು, ಹುಬ್ಬು ಚುರುಗುಟ್ಟಿತು, ಮುಂದೇನೂ ಕಾಣಲಿಲ್ಲ. ಅವಳ ಬೆರಳು ನನ್ನ ಕೈಯಲ್ಲಿತ್ತು, ಅಷ್ಟು ಮಾತ್ರ ಗೊತ್ತು. ಆಮೇಲೆ ಕಾಲಕೆಳಗೆ ಬಿಸಿ ಬೂದಿ, ಮೇಲೆ ನೀಲಿ ಆಕಾಶ.

ಅವಳ ಬೆನ್ನಲ್ಲಿ ಹೊಗೆ ಏಳುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಎಡಗೈಯಿಂದ ಗುಂಡಿಗಳನ್ನು ಚಟಚಟ ಕಿತ್ತು, ಶರ್ಟನ್ನು ಕೆಳಗೆಸೆದು, ಬೂಟುಗಾಲಲ್ಲಿ ಹೊಸಕಿದಳು.

ಅಷ್ಟರಲ್ಲಿ ನೀರಿನ ಟ್ಯಾಂಕಿನ ಪಿಕಪ್ ಬೂದಿ ಹಾರಿಸುತ್ತಾ ಬಂದು ನಿಂತಿತು. ಗಾವಲು ಸುಡಲು ಅದರ ಒಡೆಯ ಕ್ರಾಟ್ಸರ್‌ಗೆ ನೆರವಾಗಲು ಬಂದಿದ್ದವನು ವರ್ಲಿನ್ನೇ. ಹಚ್ಚಿದ್ದೂ ಅವನೇ. ಇಳಿದು ಓಡಿಬಂದ. "ಧೂಳು ಎದ್ದಿದ್ಯಾ ಅಂತ ನೋಡ್ದೆ ಅರ್ಡಿತ್, ದೇವರಾಣೆ, ಎರಡೂ ಕಡೆ ನೋಡ್ದೆ..." ಎನ್ನುತ್ತಾ ಬಂದವನು ತಂಗಿಯ ಬರಿ ಎದೆ ಕಂಡು ಗಕ್ಕನೆ ನಿಂತ. ಹ್ಯಾಟು ತೆಗೆದು ಮುಖ ಆಚೆ ತಿರುಗಿಸಿಕೊಂಡ. ಕ್ರಾಟ್ಸರ್ ಗಾಡಿಯಲ್ಲೇ ತಲೆ ತಗ್ಗಿಸಿದ. ನಾನು ಉಣ್ಣೆಯ ಒಳಂಗಿ ಬಿಚ್ಚಿ, ಬರೀ ಬ್ರಾದಲ್ಲೇ ನಿಂತು ಅವಳಿಗೆ ಕೊಡಲು ಹೋದೆ. ಅವಳು ನನ್ನ ಕೈ ತಳ್ಳಿದಳು.

"ಯಾಕೋ ಆ ಕಡೆ ನೋಡ್ತೀಯ?" ಹೊಗೆ ತಿಂದ ಗಂಟಲು, ಕಾಗೆಯ ಸ್ವರ. "ಕಡೇ ಪಕ್ಷ ನನ್ನನ್ನ ನೋಡ್ಕೊಂಡು ಬೈಸ್ಕೋ."

ವರ್ಲಿನ್ ತಿರುಗಿದ. ನೋಡಿದ. ಎರಡು ಉದ್ದ ಗೀರುಗಳು, ಬೆವರು, ಮಸಿ.

ಆಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟು ಶುರುಮಾಡಿದಳು. ಚಿಕ್ಕಂದಿನಲ್ಲಿ ಅವನು ಮಾಡಿದ್ದ ತಪ್ಪುಗಳನ್ನೂ ಸೇರಿಸಿ, ಕೆಮ್ಮುತ್ತಾ, ಉಗಿಯುತ್ತಾ ಬೈದಳು. ಅವನು ಅಳುತ್ತಾ "ಹೌದು, ಹೌದು" ಎನ್ನುತ್ತಾ ನಿಂತಿದ್ದ. ನಾನು ಅಂಗಿ ಹಿಡಿದು ಪಕ್ಕದಲ್ಲಿ ಕಾಯುತ್ತಲೇ ಇದ್ದೆ. ಅವಳು ಅದನ್ನು ಕೇಳಲೇ ಇಲ್ಲ.