ಉದ್ದಮೂತಿ, ಬೋಳಮುಖ ಮತ್ತು ನಿಧನವಾರ್ತೆಯ ಫೋಟೋ

ಟಾರ್ಚಿಗೆ ಎರಡು ಬ್ಯಾಟರಿ ಕೊಂಡು, ಆ ರಸೀದಿಯ ಹಿಂದೆ ಹೆಸರು ಬರೆದು ಡಬ್ಬಕ್ಕೆ ಹಾಕಿ ಬಂದಿದ್ದ ಅತ್ತೆಗೆ ಅಂಗಡಿಯ ಲಕ್ಕಿ ಡ್ರಾದಲ್ಲಿ ಮೊದಲ ಬಹುಮಾನ ಬಂತು. ಬಹುಮಾನ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ. ಎರಡು ಮಾದರಿಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂದು ಅಂಗಡಿಯವನು ಫೋನಿನಲ್ಲಿ ಹೇಳಿದ. ಅತ್ತೆ, "ಎರಡನೇ ಬಹುಮಾನ ಏನಪ್ಪಾ?" ಎಂದು ಕೇಳಿದರು. ಇಸ್ತ್ರಿ ಪೆಟ್ಟಿಗೆ ಎಂದ. "ಥತ್, ಸ್ವಲ್ಪದರಲ್ಲಿ ತಪ್ಪೋಯ್ತು," ಎಂದು ಫೋನಿಟ್ಟರು.

ಅತ್ತೆಗೆ ಕ್ಯಾಮೆರಾ ಬೇಡವಾಗಿದ್ದರೇನಂತೆ, ಮನೆಯಲ್ಲಿ ಇಬ್ಬರಿಗೆ ಬೇಕಾಗಿತ್ತು. ಒಬ್ಬಳು ಸೊಸೆ. ಅವಳು ವಿಮಾ ಕಂಪನಿಯ ಸರ್ವೇಯರ್. ಅಪಘಾತವಾದ ಗಾಡಿಗಳ ಸುತ್ತ ತಿರುಗಿ, ಎಲ್ಲಿ ತಗ್ಗಾಗಿದೆ, ಎಲ್ಲಿ ಮುರಿದಿದೆ, ಅದರಲ್ಲಿ ಎಷ್ಟು ನಿಜ, ಎಷ್ಟು ಗಾಡಿ ಮಾಲೀಕನ ಕಲ್ಪನಾಶಕ್ತಿ ಎಂದು ಫೋಟೋ ಸಮೇತ ವರದಿ ಬರೆಯುವುದು ಅವಳ ಕೆಲಸ. ಇನ್ನೊಬ್ಬರು ಭಾವ, ಅತ್ತೆಯ ದೊಡ್ಡ ಮಗ. ಎರಡು ಬೀದಿ ಆಚೆ ಮನೆ. ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್. ವಾರವಿಡೀ ವ್ಯಾಪಾರಿಗಳನ್ನು ಹೆದರಿಸಿ, ರಜೆಯ ದಿನ ಹಕ್ಕಿಗಳನ್ನು ಹೆದರಿಸುತ್ತಿದ್ದರು. ಹಕ್ಕಿ ಛಾಯಾಗ್ರಾಹಕ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಹಕ್ಕಿಗಳು ಇನ್ನೂ ಒಪ್ಪಿರಲಿಲ್ಲ.

ಮೂವರೂ ಅಂಗಡಿಗೆ ಹೋದರು. ಒಂದು ಕ್ಯಾಮೆರಾ ಗುಂಡಿ ಒತ್ತಿದರೆ ಮೂತಿ ಚಾಚುತ್ತಿತ್ತು. ಮೂವತ್ತು ಪಟ್ಟು ಝೂಮ್. ಇನ್ನೊಂದಕ್ಕೆ ಝೂಮೇ ಇಲ್ಲ. ಆದರೆ ಅಗಲವಾದ ಗಾಜು, ಒಳಗೆ ದೊಡ್ಡ ಸೆನ್ಸರ್, ಮಬ್ಬು ಬೆಳಕಿನಲ್ಲೂ ಕಣ್ಣು ಕಾಣುವಂಥದು.

"ಝೂಮ್ ಇಲ್ಲದ ಕ್ಯಾಮೆರಾ ಅಂದ್ರೆ ಕಾಲಿಲ್ಲದ ಕುದುರೆ ಕಣಮ್ಮ," ಎಂದರು ಭಾವ.

"ದೇವರು ನಮಗೆ ಕಾಲು ಕೊಟ್ಟಿದಾನಲ್ಲ ಭಾವ. ನಡ್ಕೊಂಡು ಹತ್ರ ಹೋದ್ರೆ ಅದೇ ಝೂಮು," ಎಂದಳು ಸೊಸೆ.

"ಬೆಳ್ಳಕ್ಕಿ ಹತ್ರ ನಡ್ಕೊಂಡು ಹೋಗು, ನೋಡೋಣ."

"ಜಜ್ಜಿಹೋದ ಲಾರಿ ಫೋಟೋನ ಅರ್ಧ ಮೈಲಿ ದೂರದಿಂದ ತೆಗೀರಿ, ನೋಡೋಣ."

ಮುಕ್ಕಾಲು ಗಂಟೆ ಕೇಳಿದ ಅಂಗಡಿಯವನಿಗೆ ತಲೆ ಚಿಟ್ಟು ಹಿಡಿಯಿತು. "ತೋರಿಸೋಕೆ ಇಟ್ಕೊಂಡಿರೋ ಪೀಸುಗಳಿವೆ, ಎರಡೂ ತಗೊಂಡ್ಹೋಗಿ. ಒಂದು ವಾರ ನೋಡಿ. ಆಮೇಲೆ ಯಾವುದು ಬೇಕು ಹೇಳಿ. ಜಗಳ ಮಾತ್ರ ಮನೇಲಿ ಆಡ್ಕೊಳ್ಳಿ," ಎಂದು ಬೀಳ್ಕೊಟ್ಟ.

ಅತ್ತೆ ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿ ನಾಮಕರಣ ಮಾಡಿದರು: ಚಾಚುವುದು ಉದ್ದಮೂತಿ, ಚಾಚದ್ದು ಬೋಳಮುಖ. ಮನೆಗೆ ಬಂದ ಮೇಲೆ ತಮ್ಮ ಷರತ್ತು ಹೇಳಿದರು. "ಬಹುಮಾನ ನಂದು. ನನ್ನ ಫೋಟೋ ಯಾವುದು ಚೆನ್ನಾಗಿ ತೆಗೆಯುತ್ತೋ ಅದು ಉಳೀಲಿ. ಪೇಪರ್‌ನಲ್ಲಿ ಹಾಕೋ ಫೋಟೋ."

"ಯಾವ ಪೇಪರ್ ಅಮ್ಮಾ?" ಎಂದ ಚಿಕ್ಕ ಮಗ, ಅಂದರೆ ಸೊಸೆಯ ಗಂಡ.

"ನಿಂದೇ ಪೇಪರ್. ನಿಧನವಾರ್ತೆ."

ಗಂಡ ಒಂದು ಪತ್ರಿಕೆಯಲ್ಲಿ ಪುಟ ಕಟ್ಟುವ ವಿಭಾಗದಲ್ಲಿದ್ದ. ಹೋದ ವರ್ಷ ಚಿಕ್ಕಮ್ಮ, ಅಂದರೆ ಅತ್ತೆಯ ತಂಗಿ, ತೀರಿಕೊಂಡಾಗ ಬೇರೆ ಫೋಟೋ ಸಿಗದೆ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿ ಹಾಕಿದ್ದ. ಬಾಳೆಲ್ಲ ನಗುತ್ತ ಕಳೆದ ಚಿಕ್ಕಮ್ಮ ಅದರಲ್ಲಿ ಸರ ಕದ್ದು ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು. "ಅವಳಿಗೆ ಆದದ್ದು ನನಗೆ ಆಗ್ಬಾರ್ದು," ಎಂದರು ಅತ್ತೆ. "ನಿಮ್ಮನ್ನ ನಂಬಿ ಸಾಯೋಕಾಗಲ್ಲ."

ಮಾತಿನಲ್ಲಿ ಅತ್ತೆಯನ್ನು ಮೀರಿಸಿದವರು ಆ ಮನೆಯಲ್ಲಿರಲಿಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿಗೆ ಊರನ್ನೇ ಜೋಡಿಸಿದವರು. ಧ್ವನಿ ಎಲ್ಲರಿಗೂ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಅದಕ್ಕೋ ಏನೋ, ಕ್ಯಾಮೆರಾ ಕಂಡರೆ ಆ ಮುಖಕ್ಕೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬಾಯಿ ಬಿಗಿದು, ಕಣ್ಣು ಅರಳಿ, ಕತ್ತು ಹಿಂದಕ್ಕೆ ಹೋಗಿ, ಹಲ್ಲು ಕೀಳಿಸಿಕೊಳ್ಳಲು ಕೂತವರಂತಾಗುತ್ತಿದ್ದರು.

ಸೊಸೆ ಮರುದಿನ ಎರಡೂ ಕ್ಯಾಮೆರಾಗಳನ್ನು ಗ್ಯಾರೇಜಿಗೆ ಒಯ್ದಳು. ಒಂದು ವ್ಯಾನು ನಿನ್ನೆಯಷ್ಟೇ ಗುದ್ದಿಸಿಕೊಂಡು ಅಡಿಯ ಚಾಸಿ ಚೌಕಟ್ಟು ಸೀಳಿದೆ ಎಂದು ಮಾಲೀಕ ಕಣ್ಣೀರು ಹಾಕುತ್ತಿದ್ದ. ಗಾಡಿಯ ಅಡಿಯಲ್ಲಿ ಮಲಗಿ ಉದ್ದಮೂತಿಯಿಂದ ತೆಗೆದಳು. ಮರಳು ಎರಚಿದ ಹಾಗೆ ಬಂತು. ಬೋಳಮುಖವನ್ನು ಸೀಳಿನಿಂದ ನಾಲ್ಕು ಬೆರಳು ದೂರ ಹಿಡಿದು ತೆಗೆದಳು. ಸೀಳಿನ ಒಳಗೆ ತುಕ್ಕು, ತುಕ್ಕಿನ ಮೇಲೆ ಜೇಡರ ಬಲೆ, ಬಲೆಯಲ್ಲಿ ಜೇಡ ಸಮೇತ ಸ್ಪಷ್ಟವಾಗಿ ಬಂತು.

"ನಿನ್ನೆ ಆಗಿರೋ ಸೀಳಲ್ಲಿ ಇಷ್ಟು ಬೇಗ ಸಂಸಾರ ಹೂಡಿದೆಯಲ್ಲ ಸಾರ್ ಈ ಜೇಡ?" ಎಂದು ಕೇಳಿದಳು. ಮಾಲೀಕನ ಕಣ್ಣೀರು ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಅವಳ ಮಟ್ಟಿಗೆ ಸ್ಪರ್ಧೆ ಅಲ್ಲಿಗೇ ಮುಗಿದಿತ್ತು.

ಆದರೆ ಅತ್ತೆ ವ್ಯಾನಾಗಿರಲಿಲ್ಲ. ಸಂಜೆ ಅವರನ್ನು ಕಿಟಕಿಯ ಪಕ್ಕ ಕೂರಿಸಿ, ಅಭ್ಯಾಸಬಲದಿಂದ ಮುಂಭಾಗ, ಎಡಭಾಗ, ಬಲಭಾಗ ಎಂದು ತೆಗೆದುಕೊಂಡು ಹೋದಳು.

"ಹಿಂದಿನ ಬಂಪರ್ ಬಿಟ್ಯಲ್ಲ," ಎಂದರು ಅತ್ತೆ. "ಅಲ್ಲ ಕಣೇ, ನಾನೇನು ಆ್ಯಕ್ಸಿಡೆಂಟ್ ಆಗಿರೋ ಗಾಡಿನಾ?"

ಫೋಟೋ ನೋಡಿದಾಗ ಅಪಘಾತ ಆಗಿರುವಂತೆಯೇ ಇತ್ತು. ಅಗಲ ನೋಟದ ಗಾಜನ್ನು ಮುಖದ ಹತ್ತಿರ ಹಿಡಿದದ್ದರಿಂದ ಮೂಗು ಮೊದಲು ಬಂದಿತ್ತು, ಉಳಿದ ಮುಖ ಆಮೇಲೆ ಬಂದಿತ್ತು. "ಮೂಗಿನ ನಿಧನವಾರ್ತೆಗೆ ಇದನ್ನೇ ಹಾಕಿ," ಎಂದು ಅತ್ತೆ ಎದ್ದು ಹೋದರು. ಭಾವ ಉದ್ದಮೂತಿಯಿಂದ ಪ್ರಯತ್ನಿಸಿದರು. ಮೂಗು ಅಳತೆಯಲ್ಲಿತ್ತು, ಆದರೆ ಮನೆಯೊಳಗಿನ ಬೆಳಕು ಸಾಲದೆ ಫ್ಲ್ಯಾಶ್ ಹೊಡೆದು ಕಣ್ಣುಗಳು ಕೆಂಡದಂತಾಗಿದ್ದವು.

"ಇದು ನಾನು ಸತ್ಮೇಲೆ ನಿಮ್ಮನ್ನ ಹೆದರಿಸೋಕೆ ಬಂದಾಗಿನ ಫೋಟೋ," ಎಂದರು ಅತ್ತೆ.

ರಜೆಯ ದಿನ ಭಾವ ಬೆಳಗಾಗುವ ಮುಂಚೆಯೇ ಉದ್ದಮೂತಿ ಹಿಡಿದು ಕೆರೆಗೆ ಹೋದರು. ಸಂಜೆ ಎಲ್ಲರನ್ನೂ ಟೀವಿಯ ಮುಂದೆ ಕೂರಿಸಿ ಕ್ಯಾಮೆರಾದ ವೈರು ಸಿಕ್ಕಿಸಿದರು. ಮುನ್ನೂರ ಹದಿನೆಂಟು ಫೋಟೋಗಳಿದ್ದವು. ಮೊದಲ ನೂರು ಒಂದೇ ಕೊಕ್ಕರೆ, ಒಂದೇ ಭಂಗಿ. ಗಂಡ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ತನ್ನ ವಿದ್ಯೆ ಪ್ರಯೋಗಿಸುತ್ತಿದ್ದ.

"ಈಗ ನೋಡಿ. ಬೆಳ್ಳಕ್ಕಿ ಹಾರಿದ್ದು. ಸೆಕೆಂಡಿಗೆ ಹತ್ತು ಫೋಟೋ! ನಾನೂ ಇನ್ನೂ ನೋಡಿಲ್ಲ, ನಿಮ್ಮ ಜೊತೇಲೇ ನೋಡೋಣ ಅಂತ ಇಟ್ಕೊಂಡಿದೀನಿ," ಎಂದರು ಭಾವ.

ಬೆಳ್ಳಕ್ಕಿ ಬಂತು. ಮುಕ್ಕಾಲು ಬೆಳ್ಳಕ್ಕಿ ಬಂತು. ಅರ್ಧ ಬಂತು. ಬಾಲ ಬಂತು. ಹಾರಿಹೋದ ಹಕ್ಕಿಯ ಹಿಂದೆ ಕಣ್ಣು ಕಳಿಸಿದ ಭಾವ ಗುಂಡಿಯಿಂದ ಬೆರಳು ತೆಗೆಯಲು ಮರೆತಿರಬೇಕು, ಆಮೇಲೆ ಹಕ್ಕಿಯೇ ಇಲ್ಲದೆ ಕೆರೆಯ ಆಚೆ ದಡದ ಸಿಮೆಂಟು ಬೆಂಚು ಬಂತು. ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಬೆರಳುಗಳ ನಡುವೆ ಸಿಗರೇಟಿತ್ತು.

ಭಾವನ ಕೈ ಗಾಬರಿಯಲ್ಲಿ ಗುಂಡಿಯನ್ನು ಒತ್ತುತ್ತಲೇ ಹೋಯಿತು. ಅತ್ತೆ ಸಿಗರೇಟನ್ನು ಬಾಯಿಗೆ ತಂದರು. ಎಳೆದರು. ಪಕ್ಕದಲ್ಲಿ ಕೂತಿದ್ದ ನರ್ಸಮ್ಮನಿಗೆ, ಅಂದರೆ ಆಸ್ಪತ್ರೆಯಿಂದ ನಿವೃತ್ತಿಯಾದ ತಮ್ಮ ಹಳೆಯ ಗೆಳತಿಗೆ, ಅದನ್ನು ದಾಟಿಸಿದರು. ಹೊಗೆ ಬಿಟ್ಟರು. ಸಿಗರೇಟು ವಾಪಸ್ ಈಸಿಕೊಂಡರು. ನರ್ಸಮ್ಮ ಏನೋ ಅಂದಿರಬೇಕು, ಸಿಗರೇಟಿನ ಎರಡು ಬೆರಳು ಮೇಲೆತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಂಡಿನೋವಿನ ವ್ಯಾಯಾಮಕ್ಕೆಂದು ಅತ್ತೆ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗುತ್ತಾರೆ ಎಂದೇ ಮನೆಯವರೆಲ್ಲ ನಂಬಿದ್ದರು. ಗಂಡನಿಗೆ ಎಚ್ಚರವಾಗಿತ್ತು.

"ಇದು... ಬೆಳಕಿನ ದೋಷ ಇರ್ಬೇಕು," ಎಂದರು ಭಾವ.

"ಬೆಳಕಿಗೆ ಯಾಕೋ ಬೈತೀಯ? ಸಿಗರೇಟೇ ಅದು," ಎಂದರು ಅತ್ತೆ. ಅವರು ಮುಂದಕ್ಕೆ ಬಾಗಿ, ಕನ್ನಡಕ ಸರಿಮಾಡಿಕೊಂಡು ಆ ಕೊನೆಯ ಫೋಟೋವನ್ನೇ ನೋಡುತ್ತಿದ್ದರು. "ನಾನು ನಕ್ಕಾಗ ಹೀಗಿರ್ತೀನಾ? ಯಾರೂ ಹೇಳೇ ಇಲ್ಲವಲ್ಲ ನನಗೆ."

ಆಮೇಲೆ ಗಂಡುಮಕ್ಕಳಿಬ್ಬರೂ ಶುರು ಹಚ್ಚಿಕೊಂಡರು. ಶ್ವಾಸಕೋಶ ಎಂದರು, ವಯಸ್ಸು ಎಂದರು, ಮರ್ಯಾದೆ ಎಂದರು. ಅತ್ತೆ ಎಲ್ಲವನ್ನೂ ಸಾಲಿನಲ್ಲಿಟ್ಟು ಒಂದೊಂದಾಗಿ ಕತ್ತರಿಸಿದರು. ಸಿಗರೇಟು ಎಕ್ಸ್‌ಚೇಂಜಿನ ಪಾಳಿಯಲ್ಲಿ ಕಲಿತದ್ದು; ಈಗ ದಿನಕ್ಕೆ ಒಂದು, ಅದೂ ಇಬ್ಬರ ನಡುವೆ. "ಅರ್ಧ ಸಿಗರೇಟಿಗೆ ಅರ್ಧ ಪಾಪ. ನಿಮ್ಮಪ್ಪ ಪೂರ್ತಿ ಪಾಪ ಮಾಡ್ತಿದ್ರು, ಅವರಿಗೆ ಬೂದಿ ತಟ್ಟೆ ತಂದ್ಕೊಡ್ತಿದ್ದೋರು ನೀವೇ." ಕೊನೆಗೆ ತೀರ್ಪು ಕೊಟ್ಟರು: "ಪೇಪರ್‌ಗೆ ಇದೇ ಫೋಟೋ."

"ಕಂಪ್ಯೂಟರ್‌ನಲ್ಲಿ ಸಿಗರೇಟ್ ಅಳಿಸಿ ಹಾಕೋಣ ಬೇಕಾದ್ರೆ," ಎಂದ ಗಂಡ, ಹಾವೂ ಸಾಯದ ಕೋಲೂ ಮುರಿಯದ ದಾರಿ ಹುಡುಕುತ್ತ.

"ಅಳಿಸಿದ್ರೆ ಎರಡು ಬೆರಳು ಎತ್ಕೊಂಡು ಏನ್ಮಾಡ್ತಿದೀನಿ ನಾನು? ಸತ್ತೋಳು ಎರಡಕ್ಕೆ ಹೋಗ್ಬೇಕು ಅಂತ ಅಪ್ಪಣೆ ಕೇಳ್ತಿದಾಳೆ ಅನ್ಕೊಳ್ಳಲ್ವಾ ಜನ?"

ಸೊಸೆಗೆ ನಗು ತಡೆಯಲಾಗಲಿಲ್ಲ, ಅಡುಗೆಮನೆಗೆ ಓಡಿದಳು. ಒಬ್ಬಳೇ ನಿಂತು ನಕ್ಕಾದ ಮೇಲೆ ಏನೋ ಒಂದು ಚುಚ್ಚಿತು. ಈ ಮನೆಗೆ ಬಂದು ಹದಿನಾಲ್ಕು ವರ್ಷ. ಸೀಳಿನೊಳಗಿನ ಜೇಡ ಕಾಣುವ ಕಣ್ಣು ತನ್ನದು. ಆದರೆ ಅತ್ತೆ ಹಾಗೆ ನಗುವುದನ್ನು ಒಮ್ಮೆಯೂ ಕಂಡಿರಲಿಲ್ಲ. ಅವರಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಹಾಲು ಬಂತಾ, ಬೀಗ ಹಾಕಿದ್ಯಾ, ಮಾತ್ರೆ ತಗೊಂಡ್ರಾ, ಅಷ್ಟೇ. ಇಬ್ಬರು ಒಳ್ಳೆಯ ಗುಮಾಸ್ತರು ಒಂದೇ ಮೇಜಿನಲ್ಲಿ ಕೆಲಸ ಮಾಡಿದ ಹಾಗೆ. ನರ್ಸಮ್ಮನ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೆ ನಾಚಿಕೆಗೇಡು, ಆದರೆ ಆಗಿತ್ತು.

ಅತ್ತೆ ನೀರು ಕುಡಿಯುವ ನೆಪದಲ್ಲಿ ಬಂದು ಬಾಗಿಲಲ್ಲಿ ನಿಂತರು. "ಅವರಿಬ್ಬರೂ ಬೈದ್ರು. ನೀನೇನೂ ಅನ್ನಲಿಲ್ಲ."

"ನಾನೇನನ್ನಲಿ ಅತ್ತೆ? ಫೋಟೋ ಚೆನ್ನಾಗಿ ಬಂದಿದೆ. ಭಾವ ತೆಗೆದಿದ್ದು ಅಂತ ಹೊಟ್ಟೆ ಉರೀತಿದೆ."

ಅತ್ತೆ ಲೋಟ ಕೆಳಗಿಟ್ಟರು. "ನಾಳೆ ನನ್ನ ಜೊತೆ ಬಾ. ಬೋಳಮುಖ ತಗೊಂಡು ಬಾ."

ಬೆಳಿಗ್ಗೆ ಮೋಡ ಕವಿದಿತ್ತು. ಕೆರೆಯ ಮೇಲೆ ಬೂದು ಬೆಳಕು. ನರ್ಸಮ್ಮ ಆಗಲೇ ಬೆಂಚಿನ ಮೇಲಿದ್ದರು, ಪುಟ್ಟ ಮೈ, ದೊಡ್ಡ ಗಂಟಲು. "ಇವಳೇನಾ ನಿನ್ನ ಪೊಲೀಸು?" ಎಂದರು.

ಕೂತ ಮೇಲೆ ಸೊಸೆಗೆ ಅವರ ಪಂದ್ಯದ ವಿಷಯ ತಿಳಿಯಿತು. ಇಬ್ಬರಲ್ಲಿ ಯಾರು ಮೊದಲು ಹೋಗುತ್ತಾರೆ ಎಂಬುದೇ ಪಂದ್ಯ. "ನಾನು ಬದುಕಿಡೀ ಹೆಣ ನೋಡಿದೋಳು, ನನಗೆ ಅಂದಾಜಿದೆ," ಎಂದರು ನರ್ಸಮ್ಮ. "ನಿಮ್ಮತ್ತೆ ಇನ್ನೂ ಹತ್ತು ವರ್ಷ ಎಳೀತಾಳೆ. ಬಾಯಿಯಷ್ಟೇ ಗಟ್ಟಿ ಅವಳ ಹೃದಯ."

"ಗೆದ್ದೋರಿಗೆ ಏನು ಸಿಗುತ್ತೆ?" ಎಂದು ಕೇಳಿದಳು ಸೊಸೆ.

"ಬೆಂಚು ಪೂರ್ತಿ," ಎಂದರು ಅತ್ತೆ.

ನೀರಿನಲ್ಲಿ ಏನೋ ಮುಳುಗಿತು. ನರ್ಸಮ್ಮ ಸಿಗರೇಟು ಹಚ್ಚಿದರು.

ಸೊಸೆ ಬೋಳಮುಖ ಎತ್ತಿದ ಕೂಡಲೇ ಅತ್ತೆಯ ಮುಖ ಮತ್ತೆ ಹಲ್ಲಿನ ಡಾಕ್ಟರ ಕುರ್ಚಿಗೆ ಹೋಯಿತು. ಇಳಿಸಿದಳು. ಎತ್ತಿದಳು. ಪ್ರಯೋಜನವಿಲ್ಲ. ಕಡೆಗೆ ನರ್ಸಮ್ಮ ಸಿಗರೇಟನ್ನು ಅವಳತ್ತ ಚಾಚಿದರು. "ಒಂದು ದಮ್ ಎಳಿ. ಸಾಕ್ಷಿಯಾಗಿ ಬಂದೋರು ಸುಮ್ನೆ ಕೂತ್ಕೊಂಡ್ರೆ ನಮಗೆ ಭಯ ಆಗುತ್ತೆ."

ಸೊಸೆ ಎಳೆದಳು. ಹೊಗೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗದೆ ಮೂಗು, ಕಿವಿ, ಮಿದುಳು ಎಲ್ಲ ಕಡೆ ನುಗ್ಗಿತು. ಕಣ್ಣಲ್ಲಿ ನೀರು ಸುರಿದು, ಕೆಮ್ಮಿ ಕೆಮ್ಮಿ ಬೆಂಚಿನ ತುದಿಗೆ ಬಿದ್ದಳು. ಇಬ್ಬರು ಮುದುಕಿಯರೂ ಬಿದ್ದು ಬಿದ್ದು ನಗುತ್ತಿದ್ದರು. ಅತ್ತೆ ನಗುತ್ತಲೇ ಅವಳ ಬೆನ್ನಿಗೆ ಗುದ್ದುತ್ತಿದ್ದರು. ಸೊಸೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯಲಿಲ್ಲ. ಮಂಡಿಯ ಮೇಲೆ ಇಟ್ಟುಕೊಂಡಂತೆಯೇ ಅವರತ್ತ ತಿರುಗಿಸಿ ಗುಂಡಿ ಒತ್ತಿದಳು. ಬೋಳಮುಖ ಸದ್ದೇ ಮಾಡಲಿಲ್ಲ.

ಫೋಟೋದಲ್ಲಿ ಎಲ್ಲವೂ ಇತ್ತು: ಆ ಮಂಕು ಬೆಳಕಿನಲ್ಲೂ ಅತ್ತೆಯ ಕೆನ್ನೆಯ ಒಂದೊಂದು ಗೆರೆ, ನರ್ಸಮ್ಮನ ಉದುರಿದ ಹಲ್ಲಿನ ಜಾಗ. ಮೂಗು ಮೂಗಿನಷ್ಟೇ ಇತ್ತು. ಅತ್ತೆ ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡಿದರು.

"ನಿನ್ನೆದು ಕದ್ದು ತೆಗೆದ ಹಾಗಿತ್ತು," ಎಂದರು. "ಇದು ಹಾಗಿಲ್ಲ."

ವಾರ ಮುಗಿದು ಅಂಗಡಿಗೆ ಹೋದಾಗ ಬೋಳಮುಖವೇ ಗೆದ್ದಿತೆಂದು ಸೊಸೆ ಎದೆಯುಬ್ಬಿಸಿ ನಿಂತಿದ್ದಳು. ಅತ್ತೆ ಉದ್ದಮೂತಿ ಎತ್ತಿಕೊಂಡರು.

"ಅತ್ತೆ!"

"ಇದಿದ್ರೆ ಬೆಂಚಲ್ಲಿ ಕೂತೇ ಆಚೆ ದಡದಲ್ಲಿ ಯಾರ್ಯಾರು ಬರ್ತಿದಾರೆ ಅಂತ ಕಾಣುತ್ತೆ ಕಣೇ. ಇವನು ಬರೋದು ಗೊತ್ತಾದ್ರೆ ಸಿಗರೇಟು ಆರಿಸಿಬಿಡಬಹುದು." ಭಾವನ ಅರಳಿದ ಮುಖ ಬಾಡಿತು. "ಹಕ್ಕಿ ನೋಡೋಕೆ ಬೇಕಾದ್ರೆ ಕೇಳ್ಕೊಂಡು ತಗೊಂಡ್ಹೋಗೋ. ಹೇಳಿ ತಗೊಂಡ್ಹೋಗ್ಬೇಕು, ಅಷ್ಟೇ."

ಸೊಸೆ ಎರಡು ನಿಮಿಷ ಮುಖ ಊದಿಸಿಕೊಂಡು ನಿಂತು, ಆಮೇಲೆ ಬೋಳಮುಖವನ್ನು ತಾನೇ ಕೊಂಡುಕೊಂಡಳು. ಕೆಲಸಕ್ಕೆ ಎಂದಳು. ಬೆಂಚಿನ ಫೋಟೋ ಪ್ರಿಂಟು ಹಾಕಿಸಲು ಕೊಟ್ಟಾಗ ಅಂಗಡಿಯವನು ಯಾವ ಅಳತೆ ಎಂದು ಕೇಳಿದ.

"ಪೇಪರ್‌ನಲ್ಲಿ ಒಂದು ಕಾಲಂ ಬರೋಷ್ಟು," ಎಂದರು ಅತ್ತೆ. "ನಿಧನವಾರ್ತೆಗೆ."

ಅಂಗಡಿಯವನು ಗಂಭೀರನಾಗಿ ಫೋಟೋ ನೋಡಿದ. ನಗುತ್ತಿರುವ ಇಬ್ಬರು ಮುದುಕಿಯರು, ನಡುವೆ ಹೊಗೆ. ಆ ನಗುವಿನಲ್ಲಿ ಎದುರಿಗೇ ನಿಂತ ಅತ್ತೆಯ ಗುರುತು ಅವನಿಗೆ ಸಿಗಲಿಲ್ಲ. "ಪಾಪ. ಇಬ್ಬರಲ್ಲಿ ಯಾರಮ್ಮ ಹೋಗಿದ್ದು?"

"ಇನ್ನೂ ತೀರ್ಮಾನ ಆಗಿಲ್ಲ," ಎಂದರು ಅತ್ತೆ. "ಎರಡು ಪ್ರತಿ ಹಾಕು."