ಚಿಂದಿ ಕಟ್ಟಿದ ಕೊಂಬೆಗಳು

ಹಿರಿಸೊಸೆಗೆ ಹೊಟ್ಟೆಕಿಚ್ಚು ಇತ್ತು ಎಂದರೆ ಕಡಿಮೆಯಾಯಿತು. ಆ ಕಿಚ್ಚಿನಲ್ಲಿ ಎರಡು ಹೊತ್ತಿನ ಅಡುಗೆ ಆಗಿಬಿಡುತ್ತಿತ್ತು. ಅತ್ತೆಯ ಜೊತೆ ಏಗಿ ಏಗಿ ಅವಳ ಕೂದಲು ನರೆತಿತ್ತು. ಮೊನ್ನೆ ಮೊನ್ನೆ ಮದುವೆಯಾಗಿ ಬಂದ ವಾರಗಿತ್ತಿಯೋ, ಆಗಲೇ ಅತ್ತೆಯ ಬಾಯಲ್ಲಿ 'ಪುಟ್ಟಿ' ಆಗಿದ್ದಳು. ಹಿರಿಯವಳನ್ನು ಅತ್ತೆ ಇವತ್ತಿಗೂ ಕರೆಯುವುದು 'ಏ, ಇಲ್ಲಿ ಬಾ' ಎಂದೇ.

ಅತ್ತೆಗೆ ಮನೆಗಿಂತ ಹಿತ್ತಿಲು ಹೆಚ್ಚು. ಗಿಡ ಸವರುವ ಕತ್ತರಿ ಸದಾ ಅವರ ಸೊಂಟದಲ್ಲೇ. ಈಗ ಮಣಿಕಟ್ಟು ನೋವು ಬಂದು, ಕತ್ತರಿಸಬೇಕಾದ ಕಡೆ ಬಟ್ಟೆಯ ಚಿಂದಿ ಕಟ್ಟಿ ಗುರುತು ಮಾಡುವುದಷ್ಟೇ ಅವರ ಕೆಲಸ, ಕತ್ತರಿಸುವುದು ಸೊಸೆಯರು. ಕೆಂಪು ಗುಲಾಬಿ ಹಿರಿಯವಳದು, ಬಿಳಿಯದು ಕಿರಿಯವಳದು.

"ಈ ಸಲ ಯಾರು ಗಿಡ ಚೆನ್ನಾಗಿ ನೋಡ್ಕೊತೀರೋ ಅವರಿಗೇ ಕತ್ತರಿ, ಹಿತ್ತಿಲು ಎರಡೂ. ಚಿಂದಿ ಕಟ್ಟಿಕೊಟ್ಟ ಮೇಲೆ ಹೂ ಬಿಡೋವರೆಗೂ ನಾನು ಈ ಕಡೆ ತಲೆ ಹಾಕಲ್ಲ," ಅಂದರು ಅತ್ತೆ.

ಹಿತ್ತಿಲು ಯಾರಿಗೆ ಬೇಕಿತ್ತು? ಅತ್ತೆ ಒಂದೇ ಒಂದು ಸಲ ತನ್ನನ್ನು ಮೆಚ್ಚಿದರೆ ಸಾಕಿತ್ತು ಹಿರಿಸೊಸೆಗೆ.

ಮರುದಿನ ಬೆಳಿಗ್ಗೆ ನೋಡಿದರೆ ಕೆಂಪು ಗುಲಾಬಿಯ ತುಂಬ ಚಿಂದಿ. ಬಿಳಿಯದರಲ್ಲಿ ಅಲ್ಲೊಂದು ಇಲ್ಲೊಂದು, ಅದೂ ತುದಿಯಲ್ಲಿ. ಹಿರಿಸೊಸೆಗೆ ಮೈಯೆಲ್ಲ ಉರಿದುಹೋಯಿತು. ನನ್ನದನ್ನು ಬೋಳಿಸಬೇಕು, ಪುಟ್ಟಿಯದನ್ನು ಮುದ್ದು ಮಾಡಬೇಕು! ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ತನ್ನ ಗಿಡದ ಚಿಂದಿಗಳನ್ನೆಲ್ಲ ಬಿಚ್ಚಿ ಬಿಳಿ ಗುಲಾಬಿಯ ದಪ್ಪ ಕೊಂಬೆಗಳಿಗೆ, ಬುಡದ ಹತ್ತಿರವೇ ಬಿಗಿದಳು.

ಕತ್ತರಿ ಹಿಡಿದು ಬಂದ ಕಿರಿಯವಳು ದಂಗಾದಳು. "ಅಕ್ಕಾ, ಇಷ್ಟೊಂದಾ? ಗಿಡ ಸತ್ತುಹೋಗಲ್ವಾ?"

"ಗುಲಾಬಿಗೆ ದಯೆ ದಾಕ್ಷಿಣ್ಯ ತೋರಿಸಬಾರದು ಕಣೇ. ಕತ್ತರಿಸು."

"ನೀವು ಹೇಳಿದ್ಮೇಲೆ ಮುಗೀತು," ಎಂದು ಅವಳು ಕತ್ತರಿಸಿಯೇಬಿಟ್ಟಳು. ಅಂದು ಹಿರಿಸೊಸೆ ಎರಡು ತುತ್ತು ಹೆಚ್ಚೇ ಉಂಡಳು.

ಗುಲಾಬಿ ಹೂ ಬಿಡುವುದು ಹೊಸ ಚಿಗುರಿನಲ್ಲಿ ಎಂಬುದು ಈ ಮಹಾತಾಯಿಗೆ ಗೊತ್ತಿರಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮೊಂಡು ಬುಡದಿಂದ ಚಿಗುರು ನುಗ್ಗಿ ಬಂತು, ಚಿಗುರಿನ ತುದಿಯಲ್ಲೆಲ್ಲ ಬಿಳಿ ಹೂ. ಸವರದೆ ಬಿಟ್ಟ ಕೆಂಪು ಗಿಡ ಗೋಡೆಯೆತ್ತರ ಬೆಳೆದು, ಎರಡು ಬಡಕಲು ಹೂ ಬಿಟ್ಟು ಕೈತೊಳೆದುಕೊಂಡಿತು.

ಅತ್ತೆ ಬಂದು ಎರಡೂ ಗಿಡಗಳನ್ನು ನೋಡುತ್ತಾ ನಿಂತರು. "ಪುಟ್ಟಿ, ನಿನ್ನ ಗಿಡಕ್ಕೆ ಅಷ್ಟು ಚಿಂದಿ ನಾನು ಕಟ್ಟಿರಲಿಲ್ವಲ್ಲ?"

ಹಿರಿಸೊಸೆ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ಅದೆಲ್ಲ ಅಕ್ಕನದೇ ಅತ್ತೆ," ಎಂದಳು ಕಿರಿಯವಳು ಹೆಮ್ಮೆಯಿಂದ. "ನನಗೆ ಭಯ ಆಗಿತ್ತು. ಅವರು ಧೈರ್ಯ ಹೇಳಿದ್ಮೇಲೇ ನಾನು ಕತ್ತರಿಸಿದ್ದು."

ಅತ್ತೆ ಹಿರಿಯವಳ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು. "ನಿನ್ನದೇ ಚೆನ್ನಾಗಿ ಅರಳಲಿ ಅಂತ ನಿನ್ನ ಗಿಡಕ್ಕೆ ಅಷ್ಟು ಕಟ್ಟಿದ್ದೆ. ಎಲ್ಲಾನೂ ಬಿಚ್ಚಿ ಇವಳಿಗೆ ಕೊಟ್ಟುಬಿಟ್ಯಾ? ಎಂಥ ಮನಸ್ಸಮ್ಮಾ ನಿನ್ನದು!" ಎಂದು ಕತ್ತರಿಯನ್ನು ಅವಳ ಕೈಯಲ್ಲಿಟ್ಟರು.

ಆಸೆಪಟ್ಟ ಮೆಚ್ಚುಗೆ ಸಿಕ್ಕಿತು. ಕೊಡಿಸಿದವಳು ಮಾತ್ರ ವಾರಗಿತ್ತಿ. ಅವಳು ಪಕ್ಕದಲ್ಲಿ ನಿಂತು, ತನಗೇ ಬಹುಮಾನ ಬಂತೇನೋ ಎಂಬಂತೆ ನಗುತ್ತಿದ್ದಳು. ಬೇರೆಯವರ ಗೆಲುವಿಗೆ ಹಾಗೆ ನಗುವುದು ತನಗೆ ಈ ಜನ್ಮದಲ್ಲಿ ಬರುವುದಿಲ್ಲವಲ್ಲ ಎಂದು ಹಿರಿಸೊಸೆಯ ಹೊಟ್ಟೆ ಹಿಂದೆಂದೂ ಇಲ್ಲದಷ್ಟು ಉರಿಯಿತು.