ಪಟ್ಟಿಯಲ್ಲಿದ್ದ ಐದನೆಯದು

ಭೂಮಿಯ ದಕ್ಷಿಣಕ್ಕಿರುವ ನಮ್ಮಲ್ಲಿ ಬೇಸಿಗೆ ಮುಗಿಯಬೇಕಾದ ಮಾರ್ಚ್ ಬಂದರೂ ಬಿಸಿಲು ಇಳಿದಿರಲಿಲ್ಲ. ನೊಣ ಹತ್ತದಿರಲೆಂದು ಕುರಿಗಳ ಬಾಲದ ಸುತ್ತಿನ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ನೆರೆಯ ಮರ್ವ್ ಟ್ರೆಲೋರ್ ಎರಡು ದಿನದಿಂದ ನಮ್ಮ ಶೆಡ್ಡಿನಲ್ಲೇ ದುಡಿಯುತ್ತಿದ್ದ. ನಮ್ಮ ಕೆಲಸಕ್ಕೆ ಅವನು, ಅವನ ಕೆಲಸಕ್ಕೆ ನಾವು. ಹಿಂದಿನಿಂದ ಬಂದ ಮುಯ್ಯಾಳಿನ ಲೆಕ್ಕ.

ನನ್ನ ಗಂಡ ಡೇರನ್ ಕೋಬಾರಿನ ಗಣಿಯಲ್ಲಿ ಎರಡು ವಾರ, ಮನೆಯಲ್ಲಿ ಒಂದು ವಾರ. ಒಂಬತ್ತು ವರ್ಷದ ಮಗಳು ಟ್ಯಾಮ್ಸಿನ್‌ಳ ಶಾಲೆ ಅಡುಗೆಮನೆಯ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ. ಟೀಚರು ಮುನ್ನೂರು ಕಿಲೋಮೀಟರ್ ಆಚೆ. ಮಾಡಿನ ಮೇಲಿನ ತಟ್ಟೆ ಉಪಗ್ರಹದಿಂದ ಇಂಟರ್ನೆಟ್ ಹಿಡಿಯುತ್ತದೆ, ಮೋಡೆಮ್ ಅದನ್ನು ಒಳಗಿಳಿಸುತ್ತದೆ, ರೂಟರ್ ಮನೆಗೆಲ್ಲ ಹಂಚುತ್ತದೆ. ಡೇಟಾ ಮಾತ್ರ ತಿಂಗಳಿಗೆ ಇಷ್ಟೇ ಎಂದು ಅಳೆದು ಕೊಡುತ್ತಾರೆ. ಫೆಬ್ರವರಿಯಲ್ಲಿ ಅದು ಹದಿನೇಳಕ್ಕೇ ತೀರಿ, ಟೀಚರ ಮುಖ ಬಾಯಿ ತೆರೆದಂತೆಯೇ ನಿಂತುಹೋಗಿತ್ತು. ಹೀಗೇ ಆದರೆ ಮಗಳನ್ನು ಪಟ್ಟಣದ ಹಾಸ್ಟೆಲಿಗೆ ಬಿಡಬೇಕಿತ್ತು.

ಕಂಪನಿಗೆ ಫೋನ್ ಮಾಡಿದೆ. ರೂಟರಿಗೆ ಈಚೆಗೆ ಸೇರಿಕೊಂಡ ಸಾಧನಗಳ ಪಟ್ಟಿ ನೋಡಿ ಎಂದರು. ಕಂಪ್ಯೂಟರ್, ಟ್ಯಾಬ್, ನಮ್ಮಿಬ್ಬರ ಫೋನು. ಐದನೆಯದಕ್ಕೆ ಹೆಸರೇ ಇಲ್ಲ, ಬರೀ ಅಂಕಿ ಮತ್ತು ಅಕ್ಷರ. ಡೇಟಾದ ಮುಕ್ಕಾಲು ಪಾಲು ಅದೇ ತಿನ್ನುತ್ತಿತ್ತು. ಪಾಸ್‌ವರ್ಡ್ ಗೊತ್ತಿದ್ದವರೇ ಯಾರೋ ಇರಬೇಕು ಎಂದಳು ಆಚೆಯ ಹುಡುಗಿ.

ಕ್ರಿಸ್‌ಮಸ್ಸಿನಲ್ಲಿ ಮರ್ವ್‌ಗೆ ಪಾಸ್‌ವರ್ಡ್ ಹೇಳಿದವಳು ನಾನೇ. ದಿನಾ ಸಂಜೆ ಅವನ ಗಾಡಿ ನಮ್ಮ ಗೇಟಿನ ಬಳಿ ಅರ್ಧ ಗಂಟೆ ನಿಲ್ಲುತ್ತಿತ್ತು. ಅಲ್ಲಿ ನನ್ನ ಮೊಬೈಲಿಗೆ ಸಿಗ್ನಲ್ ಎಂದೂ ಬಂದದ್ದಿಲ್ಲ. ಮತ್ತೆ ಅಲ್ಲಿ ಅವನಿಗೇನು ಕೆಲಸ?

ಚಹಾದ ಹೊತ್ತಿಗೆ ಕೆದಕಿದೆ.

"ನಿನ್ನೆ ಫುಟ್‌ಬಾಲ್ ನೋಡಿದ್ಯಾ ಮರ್ವ್?"

"ನೋಡ್ದೆ."

"ಎಲ್ಲಿ?"

"ಕೂತ್ಕೊಂಡೇ ನೋಡ್ದೆ," ಎಂದು ನಕ್ಕು ಬಿಸ್ಕತ್ತು ಅದ್ದಿಕೊಂಡ.

ಆ ನಗೆಯೇ ನನಗೆ ಸಾಕ್ಷಿಯಾಯಿತು. ಸಂಜೆಗೇ ಪಾಸ್‌ವರ್ಡ್ ಬದಲಾಯಿಸಿದೆ. ಬೆಳಗ್ಗೆ ನೋಡಿದರೆ ಪಟ್ಟಿಯಲ್ಲಿ ಐದನೆಯದು ಇರಲಿಲ್ಲ. ಡೇಟಾ ಇದ್ದಲ್ಲೇ ಇತ್ತು. ಇನ್ನೇನು ಬೇಕು? ಸೋಮವಾರದಿಂದ ತನ್ನ ಕುರಿಗಳ ಕೆಲಸ ಎಂದು ಮರ್ವ್ ನೆನಪಿಸಿದಾಗ, ಮಗಳ ಪಾಠವಿದೆ, ಬರಲಾಗದು ಎಂದುಬಿಟ್ಟೆ. ಅವನು ಟೋಪಿ ಹಾಕಿಕೊಂಡು ಹೋದ.

ಶನಿವಾರ ಮಧ್ಯಾಹ್ನ ನೀರಿನ ಟ್ಯಾಂಕರಿನೊಂದಿಗೆ ಬಂದ. ಮೊಣಕಾಲಿನವರೆಗೆ ಕೆಸರು.

"ನಿನ್ ಹಿಂದಿನ್ ತೊಟ್ಟಿ ಒಣಗಿತ್ತು ಜನೀನ್. ಪೈಪಿನ ವಾಲ್ವ್ ಕಚ್ಕೊಂಡಿತ್ತು. ಕುರಿಗಳು ಬೇಲಿಗೆ ಒತ್ಕೊಂಡು ಅರಚ್ತಿದ್ವು. ಸರಿ ಮಾಡಿ ಎರಡು ಟ್ಯಾಂಕರ್ ಬಿಟ್ಟಿದೀನಿ."

"ಡೇರನ್ ದಿನಾ ಕ್ಯಾಮೆರಾದಲ್ಲಿ ನೋಡ್ತಾನಲ್ಲ?"

"ಅದರ ಕೆಂಪು ದೀಪ ಮಿಣುಕ್ತಿದೆ. ವೈಫೈ ಸಿಗ್ತಿಲ್ಲ ಅದಕ್ಕೆ. ಪಾಸ್‌ವರ್ಡ್ ಏನಾದ್ರೂ ಬದಲಾಯ್ಸಿದ್ಯಾ?"

ಒಳಗೆ ಹೋಗಿ ಡೇರನ್‌ಗೆ ಫೋನ್ ಮಾಡಿ ಬಂದೆ. ಎರಡು ಕಿಲೋಮೀಟರ್ ದೂರದ ಆ ತೊಟ್ಟಿಗೆ ಡೇರನ್ ಬೇಸಿಗೆಯ ಮೊದಲು ಕ್ಯಾಮೆರಾ ಕಟ್ಟಿದ್ದ. ಅದು ನೇರ ಅವನ ಫೋನಿಗೇ ಚಿತ್ರ ಕಳಿಸುತ್ತದೆ ಎಂದೇ ನಾನು ತಿಳಿದಿದ್ದೆ. ಶೆಡ್ಡಿನ ಮಾಡಿನ ಮೇಲಿನ ಕಿರುತಟ್ಟೆ ನಮ್ಮ ವೈಫೈಯನ್ನೇ ಅಲ್ಲಿಗೆ ದಾಟಿಸುತ್ತಿತ್ತಂತೆ. ಪಕ್ಕದ ಗಾಳಿಯಂತ್ರ ತಿರುಗಿದಾಗಲೆಲ್ಲ ಏನೋ ಅಲುಗಿತೆಂದು ಕ್ಯಾಮೆರಾ ಹಗಲೂ ರಾತ್ರಿ ಚಿತ್ರ ಕಳಿಸುತ್ತಿತ್ತು. ಐದನೆಯದು ಅದೇ. ಡೇರನ್‌ನ ಫೋನಿನಲ್ಲಿ ಕೊನೆಯ ಚಿತ್ರ ಹಾಗೇ ಉಳಿದಿತ್ತು: ತುಂಬಿ ತುಳುಕುವ ತೊಟ್ಟಿ.

"ಗೇಟಿನ್ ಹತ್ರ ದಿನಾ ಯಾಕ್ ನಿಲ್ತಿದ್ದೆ?" ಎಂದು ಕೇಳಿದೆ.

"ನನ್ನ ಸಿಮ್ ಕಂಪನೀದು ಅಲ್ಲಿ ಒಂದ್ ಕಡ್ಡಿ ಸಿಗ್ನಲ್ ಬರುತ್ತೆ. ಅಕ್ಕನಿಗೆ ಫೋನ್ ಮಾಡ್ತೀನಿ." ಆಮೇಲೆ ಅವನಿಗೆ ಅರ್ಥವಾಯಿತು. "ಓಹೋ," ಎಂದ, ಅಷ್ಟೇ.

ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಚಾಚಿದೆ. ಸೋಮವಾರ ಬರುತ್ತೇನೆ ಎಂದೂ ಹೇಳಿದೆ.

"ಸೋಮವಾರದ ಕೆಲಸಕ್ಕೆ ಬೇರೆಯವ್ರಿಗೆ ಹೇಳಿ ಆಯ್ತು ತಾಯಿ," ಎಂದು ಟ್ಯಾಂಕರ್ ಹತ್ತಿದ. ಚೀಟಿ ನನ್ನ ಕೈಯಲ್ಲೇ ಉಳಿಯಿತು.

ಕ್ಯಾಮೆರಾ ಈಗ ದಿನಕ್ಕೆ ಎರಡೇ ಚಿತ್ರ ಕಳಿಸುತ್ತದೆ. ಟ್ಯಾಮ್ಸಿನ್‌ಳ ಪಾಠ ತಿಂಗಳ ಕೊನೆಯವರೆಗೂ ಕಡಿಯಲಿಲ್ಲ. ಮರ್ವ್‌ನ ಗಾಡಿ ಗೇಟಿನ ಬಳಿ ನಿಲ್ಲುವುದಿಲ್ಲ. ಅವನ ಎರಡು ದಿನದ ಮುಯ್ಯಿ ಇನ್ನೂ ನನ್ನ ಮೇಲಿದೆ.